ಒಂದೇ ನಾಲಿಗೆ, ಎರಡು ಅಂಕಿ

ಇವತ್ತು ಜಯನಗರದಲ್ಲಿ, ಸ್ಟ್ರೋಕ್ ಆದ ಅಪ್ಪನಿಗೆ ನುಂಗೋದನ್ನ ಸರಿಪಡಿಸೋ ಥೆರಪಿಗೆ ಹೋದಾಗ ಅವರ ಬಾಯೊಳಗೆ ಗಾಳಿ ತುಂಬಿದ ಪುಟ್ಟ ಬಲ್ಬ್ ಇಟ್ಟರು.
"ಅಂಕಲ್, ನಾಲಿಗೆಯಿಂದ ಅಂಗುಳಕ್ಕೆ ಜೋರಾಗಿ ಒತ್ತಿ."
31 ಕಿಲೊಪಾಸ್ಕಲ್ (ಒತ್ತಡದ ಅಳತೆ). ಮತ್ತೆ ಒತ್ತಿಸಿದರು, 24.

ಅದೇ ನಾಲಿಗೆ, ಅದೇ ಕುರ್ಚಿ. ಯಾವುದನ್ನ ನಂಬೋದು?

ಥೆರಪಿಸ್ಟ್ ಹುಡುಗಿ ನಿಧಾನವಾಗಿ ಬಿಡಿಸಿ ಹೇಳಿದಳು. ಬಲ್ಬ್ ಚೂರು ಹಿಂದೆ ಸರಿದರೂ ಅಂಕಿ ಬದಲಾಗುತ್ತೆ. ಸುಸ್ತಾದರೂ ಅಷ್ಟೇ. ಅದಕ್ಕೇ ಹಲವು ಸಲ ಒತ್ತಿಸಿ, ಎಲ್ಲಕ್ಕಿಂತ ಹೆಚ್ಚು ಬಂದಿದ್ದನ್ನ ಬರೆದುಕೊಳ್ತಾರಂತೆ. ಅಷ್ಟು ತಾಳ್ಮೆ ಇರೋರು ಸಿಕ್ಕಿದ್ದು ನಮ್ಮ ಪುಣ್ಯ.

ಅದೂ ಅಳೆಯೋದು ನಾಲಿಗೆಯ ಬಲ ಮಾತ್ರ. ನುಂಗಿದ ನೀರು ಶ್ವಾಸನಾಳಕ್ಕೆ ಇಳೀತಾ ಅಂತ ಹೇಳಲ್ಲ. ಸ್ಟ್ರೋಕ್ ಆದ ಕೆಲವರಿಗೆ ನೀರು ಅಲ್ಲಿಗೆ ಹೋದರೂ ಕೆಮ್ಮೇ ಬರಲ್ಲ, ನನಗೆ ಭಯ ಇರೋದೇ ಅದು. ಬೆರಳಿಗೆ ಹಾಕೋ ಆಕ್ಸಿಮೀಟರ್ ನೆಚ್ಚಿಕೊಂಡು ಅದನ್ನ ಹಿಡಿಯೋಕಾಗಲ್ಲ. ಎಕ್ಸ್‌ರೇಯಲ್ಲಿ ಎದ್ದು ಕಾಣೋ ಬೇರಿಯಂ ನುಂಗಿಸಿ ಎಕ್ಸ್‌ರೇ ವಿಡಿಯೊ ತೆಗೀಬೇಕು, ಇಲ್ಲಾ ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಬೇಕು. ಆ ವಿಡಿಯೊ ನೋಡಿದ ಇಬ್ಬರು ಕೂಡ ಯಾವಾಗಲೂ ಒಂದೇ ಮಾತು ಹೇಳ್ತಾರೆ ಅಂತಿಲ್ಲ.

ಅಪ್ಪನ ಗಂಜಿ ಎಷ್ಟು ಗಟ್ಟಿ ಇರಬೇಕು ಅನ್ನೋದು ಇಂಥ ಪರೀಕ್ಷೆಗಳ ಮೇಲೇ ನಿಂತಿದೆ. ನಿಮ್ಮ ಮನೆಯವರಿಗೂ ಈ ನಾಲಿಗೆ ಪರೀಕ್ಷೆ ಮಾಡಿ ಒಂದೇ ಅಂಕಿ ಬರೆದು ಕಳಿಸಿದರೆ, ಎಷ್ಟು ಸಲ ಒತ್ತಿಸಿದ್ರಿ ಅಂತ ಕೇಳಿ.