ಗಾದೆ ಸಂಗ್ರಹ: ವಿಂಗಡಣೆ ಎಲ್ಲಿಗೆ ಬಂತು

ಶಿರಸಿ ಕಡೆ ಅಡಿಕೆ ಸುಲಿಯುವ ಕೆಲಸ ಮುಗಿಯಿತು, ಹಾಗಾಗಿ ನನ್ನ ಸಂಗ್ರಹಕ್ಕೆ ಹೊಸ ಗಾದೆ ಬರುವುದೂ ಸದ್ಯಕ್ಕೆ ನಿಂತಿದೆ. ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತವರ ಕೈಗೆ ಕೆಲಸ, ಬಾಯಿಗೆ ಬಿಡುವು. ಊರವರ ಸುದ್ದಿ ಶುರುವಾದರೆ ಗಾದೆ ತಾನಾಗಿ ಬರುತ್ತದೆ. "ಒಂದು ಗಾದೆ ಹೇಳಿ" ಅಂದರೆ ಮಾತ್ರ ಒಬ್ಬರಿಗೂ ನೆನಪಾಗುವುದಿಲ್ಲ. ಸುಮ್ನೆ ಕೂತು ಕೇಳಬೇಕು.

ಎಕ್ಸೆಲ್‌ನಲ್ಲಿ ಅಧಿಕಾರ, ಒಳ್ಳೆ ಗುಣ, ಮನುಷ್ಯನ ಸ್ವಭಾವ ಅಂತ ಮೂರು ಕಾಲಂ ಇದ್ದವು. ಈಗ ತೆಗೆದಿದ್ದೇನೆ. "ದೇವರು ಕೊಟ್ಟರೂ ಪೂಜಾರಿ ಕೊಡ", ಇದನ್ನು ಎಲ್ಲಿ ಹಾಕುತ್ತೀರಿ? ಮೂರಕ್ಕೂ ಸಲ್ಲುತ್ತದೆ ಅಲ್ವಾ. ಬದಲಿಗೆ ಯಾರು ಯಾರಿಗೆ ಹೇಳಿದ್ದು ಅಂತ ಬರೆಯುತ್ತಿದ್ದೇನೆ, ಕೆಲಸಕ್ಕೆ ರುಚಿ ಬಂದಿದ್ದೇ ಆಮೇಲೆ. "ಬಡವನ ಕೋಪ ದವಡೆಗೆ ಮೂಲ" ಅಂತ ಒಡೆಯ ಆಳಿಗೆ ಹೇಳಿದರೆ ಬೆದರಿಕೆ, ಅದನ್ನೇ ತಾಯಿ ಮಗನಿಗೆ ಹೇಳಿದರೆ ಕಾಳಜಿ. "ಬಗ್ಗಿದವನಿಗೆ ಒಂದು ಗುದ್ದು ಜಾಸ್ತಿ" ಅನ್ನುವುದನ್ನು ಅಧಿಕಾರ ಇದ್ದವರ ಬಾಯಲ್ಲಿ ನಾನಂತೂ ಕೇಳಿಲ್ಲ, ಅದು ಗುದ್ದು ತಿಂದವರ ಮಾತು. "ಬೇಲಿಯೇ ಎದ್ದು ಹೊಲ ಮೇಯ್ದಂತೆ" ಕೂಡ ಹಾಗೆಯೇ. ಬೇಲಿ ಯಾವತ್ತಾದರೂ ಹೇಳಿಕೊಂಡೀತೇ?

ಕೇಳಿದವರು ಏನಂದರು ಅನ್ನುವುದಕ್ಕೂ ಒಂದು ಕಾಲಂ ಬೇಕಾಯಿತು. "ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು" ಅನ್ನುವಲ್ಲಿ ಅಡಿಕೆ ಜುಜುಬಿ ವಸ್ತು. ಅಡಿಕೆ ಬೆಳೆಯುವ ತೋಟಿಗರ ಮುಂದೆ ಹೇಳಿ ನೋಡಿ. "ಈ ಗಾದೆ ಕಟ್ಟಿದವ ಅಡಿಕೆ ಮಾರುವ ಮಂಡಿ ಮೆಟ್ಟಿಲು ಹತ್ತಿದವನಲ್ಲ ಬಿಡು" ಅಂತ ನಕ್ಕರು ಒಬ್ಬರು. ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ "ಹೇಳೋದು ಶಾಸ್ತ್ರ, ಹಾಕೋದು ಗಾಳ" ಅಂದಾಗ ಸಿಕ್ಕ ಉತ್ತರ ಇನ್ನೂ ಖಾರ: "ನಾವು ಗಾಳ ಹಾಕದಿದ್ರೆ ಶಾಸ್ತ್ರ ಹೇಳೋರ ಊಟಕ್ಕೆ ಏನು?"

1894ರ ಕಿಟೆಲ್ ನಿಘಂಟಿನಲ್ಲಿ ಅರ್ಥದ ಜೊತೆ ಗಾದೆಗಳೂ ಇವೆ, ಒಂದೊಂದಾಗಿ ತಾಳೆ ನೋಡುತ್ತಿದ್ದೇನೆ. ನಿಧಾನದ ಕೆಲಸ. ಮಾತು ಅಲ್ಲಿ ಸಿಗುತ್ತದೆ, ಯಾರ ಮೇಲಿನ ಸಿಟ್ಟಿಗೆ ಬಂತು ಅನ್ನುವುದು ಸಿಗುವುದಿಲ್ಲ.

ಇನ್ನು ಬಾಕಿ ಇರುವುದು ಒಂದಕ್ಕೊಂದು ಎದುರಾಗುವ ಗಾದೆಗಳು. "ತಾಳಿದವನು ಬಾಳಿಯಾನು" ಅಂದ ಅಜ್ಜನೇ ಅದೇ ಸಂಜೆ ಬಗ್ಗಿದವನ ಗುದ್ದಿನ ಗಾದೆಯನ್ನೂ ಹೇಳಿದ್ದರು. ಮೊದಲನೆಯದು ಮೊಮ್ಮಗನಿಗೆ, ಎರಡನೆಯದು ಪಕ್ಕದ ತೋಟದವರ ಜೊತೆಗಿನ ಬೇಲಿ ತಕರಾರಿಗೆ. ಇಂಥ ಜೋಡಿಗಳಿಗೆ ಬೇರೆ ಶೀಟ್ ಮಾಡಬೇಕು.