ಸೊಸೆಗಾಗಿ ಅತ್ತೆ ಹೊತ್ತ ಹರಕೆ

ಹಾಸನಾಂಬೆಯ ಬಾಗಿಲು ತೆಗೆಯೋದು ವರ್ಷಕ್ಕೊಂದೇ ಸಲ. ಆಶ್ವೀಜ ಹುಣ್ಣಿಮೆ ಕಳೆದ ಮೊದಲ ಗುರುವಾರ, ಗರ್ಭಗುಡಿಯ ಎದುರು ನೆಟ್ಟ ಬಾಳೆಕಂದನ್ನು ಅರಸು ಮನೆತನದವರು ಕಡಿದ ಮೇಲೆ ಬಾಗಿಲು ತೆರೆಯುತ್ತದೆ. ದೀಪಾವಳಿ ಮುಗಿಯುತ್ತಿದ್ದಂತೆ ಮತ್ತೆ ಬೀಗ. ಒಳಗೆ ಹಚ್ಚಿಟ್ಟ ದೀಪ ಮುಂದಿನ ವರ್ಷದವರೆಗೂ ಆರಲ್ಲ, ಇಟ್ಟ ಹೂವು ಬಾಡಲ್ಲ ಅನ್ನೋ ನಂಬಿಕೆ ಎಲ್ಲರಿಗೂ ಗೊತ್ತಿರೋದೇ. ಟೀವಿಯವರು ಪ್ರತಿ ವರ್ಷ ಅದನ್ನೇ ಹಿಡಿದು ಕೂರುತ್ತಾರೆ. ನಮ್ಮಜ್ಜಿಗೆ ಮಾತ್ರ ದೀಪದ ಬಗ್ಗೆ ಅಂಥ ಕುತೂಹಲ ಇರಲಿಲ್ಲ. ಅವಳ ತಕರಾರು ಇದ್ದದ್ದು ಸೊಸೆ ಕಲ್ಲಿನ ವಿಷಯದಲ್ಲಿ.

ಆ ಕಥೆ ಹಾಸನದವರಿಗೆ ಬಾಯಿಪಾಠ. ಮನೆಗೆಲಸ ಬಿಟ್ಟು ದಿನಾ ಗುಡಿಗೆ ಹೋಗ್ತಾಳೆ ಅಂತ ಸಿಟ್ಟಾದ ಅತ್ತೆ, ಹಿಂದೆಯೇ ಬಂದು ಚಂದ್ರಬಟ್ಟಲಿನಿಂದ ಸೊಸೆಯ ತಲೆಗೆ ಕುಕ್ಕಿದಳಂತೆ. ಅವಳು ನೋವು ತಾಳಲಾರದೆ ಅಮ್ಮಾ ಅಂತ ಕೂಗಿದಾಗ ದೇವಿ ಅವಳನ್ನು ಕಲ್ಲಾಗಿಸಿ ತನ್ನ ಹತ್ತಿರವೇ ಇಟ್ಟುಕೊಂಡಳಂತೆ. ಆ ಕಲ್ಲು ವರ್ಷಕ್ಕೆ ಅಕ್ಕಿಕಾಳಿನಷ್ಟು ಮುಂದೆ ಸರಿಯುತ್ತದೆ, ದೇವಿಯ ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ ಅಂತಾರೆ.

"ಹೊಡೆದೋಳು ಅತ್ತೆ, ಕಲ್ಲಾದೋಳು ಸೊಸೆ. ಇದ್ಯಾವ ನ್ಯಾಯ ಕಣವ್ವ?" ಅನ್ನೋಳು ಅಜ್ಜಿ. ದೇವರ ಮೇಲೆ ಅಷ್ಟು ಭಕ್ತಿ ಇಟ್ಟುಕೊಂಡೂ ದೇವರನ್ನೇ ಪ್ರಶ್ನೆ ಮಾಡೋ ಧೈರ್ಯ ಇತ್ತು ಅವಳಿಗೆ. ಮುನಿಸಿಕೊಂಡರೂ ಮಾತು ಬಿಡದ ನೆಂಟರ ಥರ.

ನಾನು ಹುಟ್ಟಿದಾಗ ಅಮ್ಮ ಬಾಣಂತನದಲ್ಲಿ ಜ್ವರ ಬಂದು ಹಾಸಿಗೆ ಹಿಡಿದಳು. ಉಳಿಯೋದೇ ಕಷ್ಟ ಅಂತ ಊರವರು ಮಾತಾಡಿಕೊಂಡರಂತೆ. ಆಗ ಅಜ್ಜಿ ಹರಕೆ ಹೊತ್ತಳು: "ನನ್ನ ಸೊಸೆ ಎದ್ದು ಓಡಾಡೋ ಹಂಗಾದ್ರೆ, ನನ್ನ ಜೀವ ಇರೋತನಕ ವರ್ಷಾ ವರ್ಷಾ ನಿನ್ನ ಮಡಿಲು ತುಂಬ್ತೀನಿ ತಾಯಿ." ನಮ್ಮದು ಆಲೂರು ಕಡೆ, ಮನೆದೇವರು ಹೊಸಕೋಟೆ ಕೆಂಚಮ್ಮ. ಕಾಶಿಯಿಂದ ಬಂದ ಏಳು ಜನ ಅಕ್ಕತಂಗಿಯರಲ್ಲಿ ಮೂವರು ಹಾಸನದ ಗುಡಿಯಲ್ಲಿ ಹುತ್ತದ ರೂಪದಲ್ಲಿ, ಮೂವರು ಅದೇ ಊರಿನ ದೇವಿಗೆರೆ ಹೊಂಡದಲ್ಲಿ, ಒಬ್ಬಳು ಕೆಂಚಮ್ಮನಾಗಿ ನಮ್ಮ ಕಡೆ ನಿಂತಳು ಅನ್ನೋದು ನಮ್ಮ ನಂಬಿಕೆ. ಹಂಗಾಗಿ ಮೊದಲು ಕೆಂಚಮ್ಮನಿಗೆ ಕೈಮುಗಿದು, ಆಮೇಲೆ ಹಾಸನದ ಬಸ್ಸು.

ಮಡಿಲಕ್ಕಿ ಕಟ್ಟೋದನ್ನ ನೋಡಬೇಕಿತ್ತು. ಹಿಂದಿನ ದಿನ ಮಧ್ಯಾಹ್ನ ಜಗಲಿ ಮೇಲೆ ಮೊರ ಇಟ್ಟುಕೊಂಡು ಕೂತರೆ ಅಕ್ಕಿಯಲ್ಲಿ ಒಂದು ನುಚ್ಚು, ಒಂದು ಕಲ್ಲು ಉಳಿಯಬಾರದು. ಕನ್ನಡಕ ಹಾಕಿಕೊಳ್ಳಲ್ಲ, ಬೆರಳಲ್ಲೇ ಗೊತ್ತಾಗೋದು ಅವಳಿಗೆ. ಹೊಸ ರವಿಕೆ ಕಣ ಹಾಸಿ ಅಕ್ಕಿ ಸುರಿದು, ಅದರ ಮೇಲೆ ಬೆಲ್ಲದಚ್ಚು, ಕೊಬ್ಬರಿ ಗಿಟುಕು, ಅರಿಶಿನದ ಕೊಂಬು, ಎಲೆ ಅಡಿಕೆ, ಹಸಿರು ಬಳೆ ಇಟ್ಟು ಗಂಟು ಹಾಕೋಳು. ಬಳೆ ಆರಿಸೋದು ಮಾತ್ರ ಅಮ್ಮನ ಕೆಲಸ. "ನಿನ್ನ ಕೈಗೆ ಆಗೋ ಅಳತೆ ತಗೋ, ಅವಳೂ ನಿನ್ನಷ್ಟೇ ಸಣ್ಣ ಇರಬೋದು" ಅಂತ ನಗೋಳು.

ದುಡ್ಡು ಕೊಟ್ಟು ಬೇಗ ಹೋಗೋ ಸಾಲುಗಳೂ ಅಲ್ಲಿವೆ, 300 ರೂಪಾಯಿಯದು, 1000 ರೂಪಾಯಿಯದು. ಅಪ್ಪ ಕೊಡಿಸ್ತೀನಿ ಅಂದರೂ ಅಜ್ಜಿ ಒಪ್ಪಲಿಲ್ಲ. ಧರ್ಮದರ್ಶನದ ಸಾಲೇ ಆಗಬೇಕು. ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಬುತ್ತಿ ಕಟ್ಟಿಕೊಂಡು ಹೋಗೋಳು, ಆದ್ರೆ ನಮ್ಮ ಪಾಲಿಗೆ ಉಳೀತಿದ್ದದ್ದು ಕಮ್ಮಿ. ಮುಂದೆ ನಿಂತ ಯಾರದೋ ಮಗು ಅತ್ತರೆ ಅದಕ್ಕೊಂದು ಚೂರು, ಹಿಂದಿನ ಬಸುರಿ ಹೆಂಗಸಿಗೊಂದು, ಬಿಸಿಲಲ್ಲಿ ನಿಂತ ಪೊಲೀಸ್ ಹುಡುಗನಿಗೂ ಒಂದು. ಒಳಗೆ ಹೋದರೆ ಅರೆಗಳಿಗೆ ದರ್ಶನ, ನಡೀರಿ ನಡೀರಿ ಅಂತ ತಳ್ಳಿಬಿಡ್ತಾರೆ. ಸಾಲಲ್ಲಿ ಕಳೆದ ಹೊತ್ತೇ ಜಾಸ್ತಿ ಅಲ್ವಾ? ಅಜ್ಜಿಯ ಪೂಜೆ ಅಲ್ಲೇ ಮುಗಿದಿರುತ್ತಿತ್ತು ಅಂತ ನನಗೆ ಅನಿಸುತ್ತದೆ.

2020ರಲ್ಲಿ ಕೊರೊನಾ ಬಂದು ಜನರ ದರ್ಶನಕ್ಕೆ ತಡೆ ಬಿತ್ತು. ಅಣ್ಣ ಮೊಬೈಲಲ್ಲಿ ತೋರಿಸ್ತೀನಿ ಅಂದ. ಅಜ್ಜಿ ಸ್ನಾನ ಮಾಡಿ ಬಂದು, ಮೊಬೈಲನ್ನು ದೇವರ ಮನೆಯಲ್ಲಿ ಮಣೆ ಮೇಲೆ ಇಡಿಸಿ, ಅದರ ಮುಂದೆ ಮಡಿಲಕ್ಕಿ ಇಟ್ಟಳು. ಆಮೇಲೆ ಆ ಗಂಟನ್ನು ಎತ್ತಿ ಅಮ್ಮನ ಮಡಿಲಿಗೆ ಹಾಕಿದಳು. "ದೇವಿಗೆ ಇಟ್ಟದ್ದು ನಂಗ್ಯಾಕೆ ಅತ್ತೆ?" ಅಂತ ಅಮ್ಮ ಗಾಬರಿಯಾದರೆ, "ಸುಮ್ನೆ ಹಿಡ್ಕೊ, ಅವಳು ಬೇಡ ಅನ್ನಲ್ಲ" ಅಂದಳು.

ಅಜ್ಜಿ ಈಗಿಲ್ಲ. ಜೀವ ಇರೋತನಕ ಅಂತ ಹೊತ್ತ ಹರಕೆ, ಅದು ತೀರಿದ ಹಾಗೆ ಅಂತ ನೆಂಟರು ಹೇಳಿದರು. ಅಮ್ಮ ಒಪ್ಪಲಿಲ್ಲ. "ಅವರದ್ದು ತೀರಿತು. ನಾನೂ ಒಂದು ಹೊತ್ತಿದ್ದೆ, ಯಾರಿಗೂ ಹೇಳಿರಲಿಲ್ಲ" ಅಂದಳು. ಏನು ಹರಕೆ ಅಂತ ನಾನು ಕೇಳಿಲ್ಲ. ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರು ಸರ್ಕಾರಿ ಬಸ್ಸಿಗೆ ದುಡ್ಡು ಕೊಡಂಗಿಲ್ಲ, ಸಾಲು ಇನ್ನೂ ಉದ್ದ. ಈ ಸಲ ಅತ್ತಿಗೆಯನ್ನೂ ಕರೆದುಕೊಂಡು ಹೋಗಬೇಕಂತೆ. ಬೆಂಗಳೂರಿನ ಕೆಲಸ, ಅವಳಿಗೆ ರಜೆ ಸಿಗೋದು ಶನಿವಾರ ಭಾನುವಾರ, ಆ ಎರಡು ದಿನ ಎಂಥಾ ಜನ ಅಂತ ಗೊತ್ತಲ್ಲ. ಬೆಳಗಿನ ಜಾವವೇ ಹೋಗಿ ನಿಲ್ಲೋಣ ಅಂತ ಅಮ್ಮ ಲೆಕ್ಕ ಹಾಕ್ತಿದ್ದಾಳೆ. ರೊಟ್ಟಿ ನಾನೇ ತಟ್ತೀನಿ, ನೀವು ಮಲಗಿ ಅತ್ತೆ ಅಂತ ಅತ್ತಿಗೆ ಫೋನ್ ಮಾಡಿ ಹೇಳಿದ್ದಾಳಂತೆ.