ಲಂಡನ್ನಿನ ಐಸ್ ಬಾವಿ

ಊರಿನಿಂದ ಯಾರಾದರೂ ಲಂಡನ್ನಿಗೆ ಬಂದರೆ ಟವರ್ ಬ್ರಿಜ್ಜು, ಅರಮನೆ ಎಲ್ಲ ನೀವೇ ನೋಡ್ಕೊಳ್ಳಿ ಅಂತ ಬಿಟ್ಟು, ನಾನು ಕರೆದುಕೊಂಡು ಹೋಗುವುದು ಒಂದು ಬಾವಿ ತೋರಿಸೋಕೆ. ಕಿಂಗ್ಸ್ ಕ್ರಾಸ್ ಸ್ಟೇಷನ್ನಿನಿಂದ ಸ್ವಲ್ಪ ನಡೆದರೆ ಕಾಲುವೆ ದಂಡೆಯಲ್ಲಿ ಲಂಡನ್ ಕೆನಾಲ್ ಮ್ಯೂಸಿಯಂ ಇದೆ. ಅದು ಮೊದಲು ಕಾರ್ಲೋ ಗ್ಯಾಟಿ ಎಂಬುವವನ ಐಸ್ ಗೋದಾಮು. ಸ್ವಿಟ್ಜರ್ಲೆಂಡಿನಿಂದ ಬಂದವನು. 1860ರ ದಶಕದಿಂದ, ನಾರ್ವೆಯಲ್ಲಿ ಚಳಿಗಾಲದಲ್ಲಿ ಕೊಯ್ದ ಐಸ್ ಗಡ್ಡೆಗಳು ಹಡಗಿನಲ್ಲಿ ಥೇಮ್ಸ್ ನದಿಗೆ ಬಂದು, ಲೈಮ್‌ಹೌಸ್‌ನಲ್ಲಿ ದೋಣಿ ಹತ್ತಿ, ರೀಜೆಂಟ್ಸ್ ಕಾಲುವೆಯಲ್ಲಿ ಇಲ್ಲಿಗೆ ತಲುಪಿ ನೆಲದಡಿಯ ಬಾವಿ ಸೇರುತ್ತಿದ್ದವು.

ಇಷ್ಟೊಂದು ಐಸ್ ಯಾಕೆ ಅಂತೀರಾ? ಐಸ್‌ಕ್ರೀಮಿನ ಹಳೇ ಕಥೆ ಅಂದರೆ ಹಾಲು, ಸಕ್ಕರೆಯ ಕಥೆ ಅಲ್ಲ, ಐಸು ಮತ್ತು ಉಪ್ಪಿನ ಕಥೆ. (ಐಸ್‌ಕ್ರೀಮನ್ನು ಮಾರ್ಕೋ ಪೋಲೋ ಚೀನಾದಿಂದ ಹೊತ್ತು ತಂದ ಅಂತ ಒಂದು ಕಥೆ ಇದೆ, ಅದಕ್ಕೆ ಆಧಾರವೇ ಇಲ್ಲ, ಬಿಟ್ಟುಬಿಡಿ.) ಬರೀ ಐಸಿನಲ್ಲಿ ಪಾತ್ರೆ ಇಟ್ಟರೆ ಸಿಹಿ ಕೆನೆ ತಣ್ಣಗಾಗುತ್ತದೆ, ಗಟ್ಟಿಯಾಗುವುದಿಲ್ಲ. ಸಕ್ಕರೆ ಬೆರೆತ ಕೆನೆ ಹೆಪ್ಪುಗಟ್ಟೋಕೆ ಸೊನ್ನೆ ಡಿಗ್ರಿ ಸಾಲದು. ಐಸಿಗೆ ಉಪ್ಪು ಹಾಕಿದರೆ ಅದು ಕರಗುತ್ತಾ ಪಕ್ಕದಲ್ಲಿರುವುದರ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ, ಅಳತೆ ಸರಿಯಿದ್ದರೆ ಮೈನಸ್ 21 ಡಿಗ್ರಿ ತನಕ.

1660ರ ದಶಕದಲ್ಲಿ ಲೇಡಿ ಆನ್ ಫ್ಯಾನ್‌ಶಾ ಎಂಬ ಇಂಗ್ಲಿಷ್ ಮಹಿಳೆ ಬರೆಸಿಟ್ಟ ಐಸ್‌ಕ್ರೀಮಿನ ಪಾಕವಿಧಾನ ಈಗಲೂ ಇದೆ. ಜಾಪತ್ರೆ, ಕಿತ್ತಳೆ ಹೂವಿನ ನೀರು, ಎಲ್ಲ ಉಂಟು. ಉಪ್ಪಿನ ಮಾತೇ ಇಲ್ಲ! ಹಾಗೇ ಮಾಡಿದವರಿಗೆ ಪಾಪ, ತಣ್ಣನೆ ಕೆನೆ ಸಿಕ್ಕಿರಬೇಕು ಅಷ್ಟೇ. 1671ರಲ್ಲಿ ವಿಂಡ್ಸರ್ ಅರಮನೆಯ ಔತಣದಲ್ಲಿ ಎರಡನೇ ಚಾರ್ಲ್ಸ್ ರಾಜನ ಮೇಜಿಗೆ ಮಾತ್ರ ಒಂದು ತಟ್ಟೆ ಐಸ್‌ಕ್ರೀಮ್ ಬಂತು, ಉಳಿದ ಅತಿಥಿಗಳು ಬಾಯಲ್ಲಿ ನೀರೂರಿಸಿಕೊಂಡು ಕೂತಿರಬೇಕು. ಉಪ್ಪಿನ ಸಮೇತ ವಿಧಾನ 1718ರಲ್ಲಿ ಮೇರಿ ಈಲ್ಸ್ ಪುಸ್ತಕದಲ್ಲಿ ಅಚ್ಚಾಯಿತು: ತವರದ ಡಬ್ಬಿ, ತಳಕ್ಕೆ ಹುಲ್ಲು ಹಾಸಿದ ಬಕೆಟ್ಟು, ಐಸು, ಉಪ್ಪು, ಬಿಸಿಲು ಬೀಳದ ನೆಲಮಾಳಿಗೆ, ನಾಲ್ಕು ಗಂಟೆ.

ಐಸ್ ಸಾಗಿಸುವ ವ್ಯಾಪಾರ ನಮ್ಮ ಕಡೆಗೂ ಬಂದಿತ್ತು ಗೊತ್ತಾ? 1833ರಲ್ಲಿ ಬೋಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಕಲ್ಕತ್ತಾಕ್ಕೆ ಸುಮಾರು 180 ಟನ್ ಐಸ್ ಕಳಿಸಿದ. ನಾಲ್ಕು ತಿಂಗಳ ಸಮುದ್ರಯಾನ, ಆದರೂ 100 ಟನ್ನಿನಷ್ಟು ಉಳಿದಿತ್ತು! ಚೆನ್ನೈ ಮರೀನಾದಲ್ಲಿ ಈಗ ವಿವೇಕಾನಂದರ ಸ್ಮಾರಕವಾಗಿರುವ ಐಸ್ ಹೌಸ್ ಇದೆಯಲ್ಲ, ಅದು ಈ ಅಮೆರಿಕದ ಐಸಿಗೇ ಕಟ್ಟಿದ್ದು.

ಲಂಡನ್ನಿನಲ್ಲಿ ಐಸು ಅಗ್ಗವಾದ ಮೇಲೆ ಐಸ್‌ಕ್ರೀಮ್ ಬೀದಿಗೆ ಇಳಿಯಿತು. ಒಂದು ಪೆನ್ನಿ ಕೊಟ್ಟರೆ ದಪ್ಪ ಗಾಜಿನ ಪುಟ್ಟ ಲೋಟ ಕೈಗೆ ಬರುತ್ತಿತ್ತು, ಮೋಸ ಏನಂದರೆ ಒಳಗಿನ ಕುಳಿ ಚಿಕ್ಕದು, ಗಾಜೇ ಜಾಸ್ತಿ. ನೆಕ್ಕಿ ವಾಪಸ್ ಕೊಟ್ಟರೆ ವ್ಯಾಪಾರಿ ಸುಮ್ನೆ ಒಂದು ಸಲ ಅದ್ದಿಯೋ ಒರೆಸಿಯೋ ಮುಂದಿನವರಿಗೆ ತುಂಬಿಸಿ ಕೊಡುತ್ತಿದ್ದ. ಕ್ಷಯ, ಕಾಲರಾ ಹರಡುತ್ತದೆ ಅಂತ 1899ರಲ್ಲಿ ಲಂಡನ್ನಿನಲ್ಲಿ ಈ ಲೋಟವನ್ನೇ ನಿಷೇಧಿಸಿದರು. ತಮಾಷೆ ಅಂದರೆ, ತೊಳೆಯೋ ಗೋಜೇ ಇಲ್ಲದ ಉಪಾಯ ಆಗಲೇ ಇದೇ ಊರಿನಲ್ಲಿತ್ತು. ಆಗ್ನೆಸ್ ಮಾರ್ಷಲ್ ಎಂಬ ಅಡುಗೆ ಶಿಕ್ಷಕಿ 1888ರಲ್ಲೇ ಬಾದಾಮಿ ಹಿಟ್ಟಿನ ಕೋನ್ ಮಾಡೋದು ಹೇಗೆ ಅಂತ ಬರೆದಿದ್ದರು. ಆದರೆ ಅದು ಸಿರಿವಂತರ ಊಟದ ಮೇಜಿಗೆ.